ರತ್ನಿ ಓದದೆ ಬಿಟ್ಟ ಸಾಲು

ಅಕ್ಷರ ಕಲಿಸಿದ ಮೇಷ್ಟ್ರಿಗೆ,

ಚಿನ್ನದ ಗಣಿ ಕೂಲಿಗಳ ಕೋರಮಂಡಲ್ ಲೈನಿನಿಂದ ಸರೋಜ ಬರೆಯುವುದು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ, ಮೊನ್ನೆ ನಿಮ್ಮ ಮಗನ ಕಾರ್ಡು ಬಂತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಬದುಕಿದ್ದಾಗ ಕೇಳಿಸಿಕೊಳ್ಳದವರ ಮೇಲೆ ಇನ್ನು ಯಾವಾಗ ಇಟ್ಟುಕೊಳ್ಳಬೇಕು ಹೇಳಿ? ಮೂರು ದಿನ ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನೀವು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನೆನಪಿದೆಯೇ? ತುಮಕೂರು ಕಡೆಯವರು ನೀವು, ಬಂಗಾರಪೇಟೆಯಲ್ಲಿ ಕೋಣೆ ಮಾಡಿಕೊಂಡು ದಿನಾ ಮಾರಿಕುಪ್ಪಂ ರೈಲು ಹಿಡಿದು ನಮ್ಮ ಶಾಲೆಗೆ ಬರುತ್ತಿದ್ದಿರಿ. ನಮ್ಮ ತಗಡಿನ ಬಾಗಿಲಿಗೆ ತಲೆ ತಾಗಿಸಿಕೊಂಡು ಒಳಗೆ ಬಂದು, ನೆಲದ ಮೇಲೇ ಕೂತಿರಿ. ನಮ್ಮ ನಾಯಿನ, ಎಂದರೆ ನಮ್ಮಪ್ಪ, ಮುಜುಗರದಿಂದ ಕೈ ಹೊಸೆಯುತ್ತ, "ಎಣ್ಮಗೀಗೆ ಓದು ಯಾಕೆ ಸಾರ್, ನಾಳೆ ಕಾಮಸಮುದ್ರದ ಕಡೆ ಯಾರ್ಗೋ ಕೊಟ್ಬುಡ್ತೀನಿ" ಅಂದ. ನೀವು, "ಇವಳನ್ನು ಓದಿಸದೆ ಹೋದರೆ ನಾನು ಈ ಊರಿಗೆ ಬಂದದ್ದೇ ದಂಡ" ಅಂದಿರಿ. ಆ ಒಂದು ಮಾತಿನಿಂದ ನಾನು ಟೀಚರಾದೆ, ಅದೂ ನಿಮ್ಮ ಶಾಲೆಯಲ್ಲೇ. ಅದನ್ನು ಮರೆತಿಲ್ಲ. ಮರೆತಿದ್ದರೆ ಈ ಸಿಟ್ಟು ಇಷ್ಟು ವರ್ಷ ಉಳಿಯುತ್ತಿರಲಿಲ್ಲ.

ನಾನು ಟೀಚರಾಗಿ ಸೇರಿದ ವರ್ಷ, ರಾಜ್ಯ ಒಂದಾದ ಹೊಸತು ಅದು. ಮನೆಯಲ್ಲಿ ಬೇರೆ ಮಾತಾಡುವ ಮಕ್ಕಳು ಕನ್ನಡ ಓದುವುದನ್ನು ಹೇಗೆ ಕಲಿಯುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ಮೇಲಿನ ಆಫೀಸಿನವರು ಕೇಳಿದ್ದರು. ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕಲಿಲ್ಲ, ನೀವು ಹಾಕಿದಿರಿ. ನಮ್ಮ ಮಕ್ಕಳಿಗೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ಕನ್ನಡ, ಜಗಳಕ್ಕೆ ಮೂರೂ. ಒಂದೊಂದು ಮಗುವಿಗೂ ಒಂದೊಂದು ರಟ್ಟನ್ನು ನಿಮ್ಮ ಕೈಯಾರೆ ಬರೆದಿರಿ. ಮೊದಲ ಸಾಲು, ‘ನನ್ನ ತಂದೆಯ ಹೆಸರು’ ಎಂದು ಬರೆದು ಮುಂದೆ ಆ ಮಗುವಿನ ಅಪ್ಪನ ಹೆಸರು. ಆಮೇಲೆ ಮನೆಯ ವಿಷಯ ನಾಲ್ಕು ಸಾಲು. "ಮಗು ತನ್ನ ಮನೆಯನ್ನೇ ಅಕ್ಷರದಲ್ಲಿ ಕಂಡರೆ ಹೆದರುವುದಿಲ್ಲ ಸರೋಜಾ" ಅಂದಿರಿ. ಎಷ್ಟು ಒಳ್ಳೆಯ ಯೋಚನೆ. ನಿಮ್ಮ ಒಳ್ಳೆಯತನವೇ ನಮ್ಮನ್ನು ಹಾಳು ಮಾಡುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಪರೀಕ್ಷೆಯ ಬೆಳಿಗ್ಗೆ ನನ್ನ ತಂಗಿ ಮುನಿರತ್ನ, ಎಂಟು ವರ್ಷದ ನಮ್ಮ ರತ್ನಿ, ಎಣ್ಣೆ ಹಚ್ಚಿ ಜಡೆ ಬಿಗಿದುಕೊಂಡು ನಿಮ್ಮ ಮೇಜಿನ ಮುಂದೆ ನಿಂತಳು. ರಟ್ಟನ್ನು ಕೊಟ್ಟಿರಿ. ನೋಡಿದಳು, ತುಟಿ ಬಿಗಿದಳು. "ಓದಮ್ಮ" ಅಂದಿರಿ. ಇಲ್ಲ. "ಇದೊಂದು ಸಾಲು ಓದು ಸಾಕು." ಇಲ್ಲ. ಮೊದಲ ಸಾಲು ದಾಟದವರನ್ನು ಮುಂದಕ್ಕೆ ಬಿಡಬಾರದು ಎಂಬುದು ನಿಮ್ಮ ನಿಯಮ. ಅವಳ ಹೆಸರಿನ ಮುಂದೆ ‘ಓದು ಬಾರದು’ ಎಂದು ಬರೆದಿರಿ. ಅವಳ ಹಿಂದೆ ಬಂದ ನಮ್ಮ ಲೈನಿನ ಬಹುಪಾಲು ಮಕ್ಕಳೂ ಹಾಗೇ ನಿಂತರು, ಹಾಗೇ ಹೋದರು. ತಮಿಳು ಮನೆಯ ಮಕ್ಕಳು ತೊದಲುತ್ತಲಾದರೂ ಓದಿದರು. ನೀವು ಕನ್ನಡಕ ತೆಗೆದು ಒರೆಸುತ್ತ ನನ್ನನ್ನು ಕೇಳಿದಿರಿ, "ತೆಲುಗಿನ ಅಕ್ಷರ ಕನ್ನಡಕ್ಕೆ ಒಡಹುಟ್ಟಿದ ಹಾಗಿದೆ. ಆದರೂ ಇವರಿಗೇ ಯಾಕೆ ಬರುತ್ತಿಲ್ಲ?"

ನನಗೆ ಗೊತ್ತಿತ್ತು ಮೇಷ್ಟ್ರೇ. ಅವರು ಬಾಯಿ ಮುಚ್ಚಿದ ಕೂಡಲೇ ಗೊತ್ತಾಗಿತ್ತು. ಆ ಹೊತ್ತಿಗೆ ಅವರ ಅಪ್ಪಂದಿರೆಲ್ಲ ಹಗಲು ಪಾಳಿಗೆ ಗಣಿಯೊಳಕ್ಕೆ ಇಳಿದಿದ್ದರು. ಕೆಳಗಿರುವವನ ಹೆಸರನ್ನು ಮೇಲಿರುವವರು ಎತ್ತಬಾರದು, ಅದು ನಮ್ಮ ಲೈನಿನ ತೆಲುಗರ ಕಟ್ಟಳೆ, ತಮಿಳರಲ್ಲಿ ಇಲ್ಲ. ಹೆಸರು ಹಿಡಿದರೆ ಅವನು ತಿರುಗಿ ನೋಡುತ್ತಾನೆ, ತಿರುಗಿ ನೋಡಿದರೆ ಕಲ್ಲು ಬೀಳುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಮನೆ ಬಾಗಿಲಿಗೆ ಯಾರಾದರೂ ನಾಯಿನನ್ನು ಹುಡುಕಿಕೊಂಡು ಬಂದರೆ, "ಲೋಪಲ ಉಂಡಾಡು, ಪೇರೆತ್ತೊದ್ದು" ಅನ್ನುವಳು. ಒಳಗಿದ್ದಾನೆ, ಹೆಸರೆತ್ತಬೇಡ. ಯಾಕೆ ಓದುವುದಿಲ್ಲ ಎಂದು ಬಿಡಿಸಿ ಹೇಳುವುದೂ ಅಪಶಕುನವೇ, ಹಾಗಾಗಿ ಮಕ್ಕಳು ಅದನ್ನೂ ಹೇಳಲಿಲ್ಲ. ರಾತ್ರಿ ಪಾಳಿ ಮುಗಿಸಿ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಅಪ್ಪಂದಿರ ಮಕ್ಕಳು ಸರಾಗವಾಗಿ ಓದಿದರಲ್ಲ, ಅದಾದರೂ ನಿಮ್ಮ ಕಣ್ಣಿಗೆ ಬೀಳಬಾರದಿತ್ತೇ? ಅವರನ್ನು ‘ಅಪರೂಪದ ಜಾಣರು’ ಎಂದು ಬರೆದುಕೊಂಡಿರಿ.

ನಿಮ್ಮನ್ನು ಬೈಯುವ ಮೊದಲು ನನ್ನನ್ನು ಬೈದುಕೊಳ್ಳಬೇಕು. ನಾನು ಯಾಕೆ ಹೇಳಲಿಲ್ಲ? ಗಂಜಿ ಹಾಕಿದ ಸೀರೆ, ಕೈಯಲ್ಲಿ ಹೊಸ ಕೊಡೆ, ಟೀಚರಮ್ಮ ಎಂದು ಕರೆಸಿಕೊಳ್ಳುವ ಹೊಸ ಹುರುಪು. ಇಂಥ ನಂಬಿಕೆಯ ಮನೆಯಿಂದ ಬಂದವಳು ಎಂದು ನಿಮ್ಮೆದುರು ಒಪ್ಪಿಕೊಳ್ಳಲು ನಾಚಿಕೆಯಾಯಿತು. "ಗೊತ್ತಿಲ್ಲ ಸಾರ್" ಅಂದೆ. ನನ್ನ ತಂಗಿ ಅಲ್ಲೇ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು, ಆದರೂ ಹಾಗೆಂದೆ.

ನೀವು ಮೇಲೆ ಕಳಿಸಿದ ವರದಿಯಿಂದ ಮುಂದಿನ ತಿಂಗಳೇ ವರಾಂಡದಲ್ಲಿ ಬೇರೆ ಸಾಲು ಬಂತು. ‘ಓದು ಬಾರದವರು’ ಎಲ್ಲ ಅಲ್ಲಿ, ಕನ್ನಡ ಮಾತು ಬರುವವರೆಗೆ ಪುಸ್ತಕ ಮುಟ್ಟುವಂತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಾಠದ ಪುಸ್ತಕವನ್ನು ಮನೆಯಲ್ಲಿ ನೀರು ಕುಡಿದ ಹಾಗೆ ಓದುತ್ತಿದ್ದ ಹುಡುಗಿ ದಿನವಿಡೀ ಗೋಡೆಯ ಚಿತ್ರ ನೋಡಿ ‘ಇದು ಮರ, ಇದು ಮನೆ’ ಎನ್ನಬೇಕು. ಒಂದು ಸಂಜೆ ಸ್ಲೇಟನ್ನು ಒಲೆಯ ಹಿಂದೆ ತಳ್ಳಿ ಬಂದು, "ನಂಗೆ ಓದಾಕೆ ಬತ್ತದೆ ಅಂತ ನಿಂಗೊತ್ತಿತ್ತಲ್ಲಕ್ಕಾ. ನೀನ್ಯಾಕೆ ಏಳ್ಲಿಲ್ಲ?" ಅಂದಳು, ಬೇಕೆಂದೇ ಕನ್ನಡದಲ್ಲಿ. ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ. ಅಮ್ಮ ಅವಳನ್ನು ಬಂಗಾರಪೇಟೆಯ ಮಂಡಿಗೆ ಕರೆದುಕೊಂಡು ಹೋದಳು, ಹುಣಸೆಹಣ್ಣಿನ ಬೀಜ ಬಿಡಿಸುವ ಕೂಲಿಗೆ. ನಾನು ಆ ರೈಲು ಹೋಗುವುದನ್ನು ನೋಡುತ್ತ ಶಾಲೆಯ ಬೆಲ್ ಹೊಡೆದೆ.

ಅವತ್ತೇ ಸಂಜೆ ನಿಮ್ಮ ಹಿಂದೆಯೇ ರೈಲು ಹತ್ತಿ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ನಿಮ್ಮನ್ನು ಕೂರಿಸಿ ಎಲ್ಲ ಹೇಳಿದೆ. ನಿಮ್ಮ ಕೈಯಲ್ಲಿ ಟೀ ಲೋಟವಿತ್ತು. ನಿಮಗೆ ಅರ್ಥವಾಯಿತು, ಮುಖ ನೋಡಿದರೇ ತಿಳಿಯುತ್ತಿತ್ತು. ಟೀ ಆರಿ ಕೆನೆ ಕಟ್ಟಿತು. ಆಮೇಲೆ ಅಂದಿರಿ, "ವರದಿ ಹೋಗಿಬಿಟ್ಟಿದೆ ಸರೋಜಾ. ಮೇಲಿನವರು ಮೆಚ್ಚಿ ಬರೆದಿದ್ದಾರೆ. ಈಗ ತಪ್ಪು ಎಂದರೆ..." ಎಂದರೆ ಏನಾಗುತ್ತಿತ್ತು ಮೇಷ್ಟ್ರೇ? ಆ ವಾಕ್ಯವನ್ನು ನೀವು ಮುಗಿಸಲೇ ಇಲ್ಲ. ಒಂದು ಸಾಲು ಮುಗಿಸದ ಮಕ್ಕಳಿಗೆ ನೀವು ಏನೆಂದು ಬರೆದಿರಿ, ನಿಮಗೆ ನಾನು ಏನೆಂದು ಬರೆಯಲಿ?

ಆ ಬೇಸಿಗೆಗೆ ನಿಮಗೆ ಬಡ್ತಿ ಬಂತು, ಮೈಸೂರಿಗೆ ಹೊರಟಿರಿ. ರಟ್ಟುಗಳ ಗಂಟು ಶಾಲೆಯ ಬೀರುವಿನಲ್ಲೇ ಉಳಿದಿತ್ತು. ಒಂದು ಭಾನುವಾರ ಅದನ್ನು ಲೈನಿಗೆ ತಂದೆ. ಅಪ್ಪಂದಿರೆಲ್ಲ ಮನೆಯಲ್ಲಿದ್ದರು, ಕೆಲವರು ಜಗಲಿಯ ಮೇಲೇ ಕೂತಿದ್ದರು. ಮಕ್ಕಳು ಮೊದಲ ಸಾಲನ್ನು ಅಪ್ಪನ ಮುಖ ನೋಡಿಕೊಂಡು ಕೂಗಿ ಕೂಗಿ ಓದಿದರು. ರತ್ನಿ ತನ್ನದನ್ನು ಓದಿ, ಪಕ್ಕದವರದ್ದನ್ನೂ ಕಿತ್ತುಕೊಂಡು ಓದಿದಳು. ತನ್ನ ಹೆಸರು ಅಕ್ಷರದಲ್ಲಿ ಹೀಗಿರುತ್ತದೆ ಎಂದು ನಾಯಿನ ಅವತ್ತೇ ನೋಡಿದ್ದು. ಗುರಪ್ಪ. ಈಗ ಬರೆಯಬಹುದು, ಪಾಳಿ ಮುಗಿಸಿ ಬಂದು ಇಲ್ಲೇ ಕಾಫಿ ಹೀರುತ್ತಿದ್ದಾನೆ. ಎಲ್ಲವನ್ನೂ ಬರೆದು ನಿಮಗೆ ಕಳಿಸಿದೆ. ‘ನಿಮ್ಮ ಉತ್ಸಾಹ ಕಂಡು ಸಂತೋಷವಾಯಿತು, ಸಮಯ ಬಂದಾಗ ನೋಡೋಣ’ ಎಂದು ಉತ್ತರ ಬಂತು. ಅಡ್ಡಗೋಡೆಯ ಮೇಲೆ ದೀಪ. ಆಮೇಲೆ ಎರಡು ಕಾಗದ ಹಾಕಿದೆ, ಅದಕ್ಕೆ ಆ ದೀಪವೂ ಇಲ್ಲ.

ಆರು ವರ್ಷವಾಯಿತು, ವರಾಂಡದ ಸಾಲು ಇನ್ನೂ ಇದೆ. ನಿಮ್ಮ ವರದಿಯನ್ನು ತೋರಿಸಿಯೇ ಕೂರಿಸುತ್ತಾರೆ. ಇನ್ನು ನಾನು ಸುಮ್ಮನಿರುವುದಿಲ್ಲ. ಪ್ರತಿ ವರ್ಷ ಅದೇ ಮಕ್ಕಳನ್ನು ಎರಡು ಸಲ ಓದಿಸಿ ಬರೆದಿಟ್ಟಿದ್ದೇನೆ, ಅಪ್ಪ ಕೆಳಗಿದ್ದಾಗ ಒಂದು ಸಲ, ಮೇಲೆ ಬಂದ ಮೇಲೆ ಒಂದು ಸಲ. ಬರುವ ಸೋಮವಾರ ಅದನ್ನು ಹಿಡಿದುಕೊಂಡು ಆಫೀಸಿಗೆ ಹೋಗುತ್ತೇನೆ. ಯಾರ ತಪ್ಪು ಎಂದು ಕೇಳಿದರೆ ಇಬ್ಬರ ಹೆಸರೂ ಹೇಳುತ್ತೇನೆ, ಮೊದಲು ನಿಮ್ಮದು, ಆಮೇಲೆ ನನ್ನದು.

ಮೊನ್ನೆ ನಿಮ್ಮ ಮಗನ ಕಾರ್ಡು ಬಂದಾಗ ನಾನು ಮುದ್ದೆ ತಿರುವುತ್ತಿದ್ದೆ, ಕೈ ತುಂಬ ಹಿಟ್ಟು. ಮಂಡಿಯಿಂದ ಆಗತಾನೆ ಬಂದಿದ್ದ ರತ್ನಿಯೇ ಪೋಸ್ಟಿನವನ ಕೈಯಿಂದ ಇಸಕೊಂಡಳು. ಹುಣಸೆ ಕಲೆಯ ಬೆರಳಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಿರುಗಿ ಗಟ್ಟಿಯಾಗಿ ಓದಿದಳು. ‘ನಮ್ಮ ತಂದೆಯವರಾದ’ ಎಂದವಳು ನಿಮ್ಮ ಹೆಸರಿನ ಹತ್ತಿರ ನಿಂತು, ಕಣ್ಣಲ್ಲೇ ಕೆಳಗಿನ ಸಾಲು ನೋಡಿದಳು. ತುಟಿ ಬಿಗಿದಳು. ಆಮೇಲೆ ಅಲ್ಲಿಂದ ಮುಂದಕ್ಕೆ, ಎಲ್ಲೂ ತಡವರಿಸದೆ, ‘ಕಳೆದ ಗುರುವಾರ ತೀರಿಕೊಂಡರು. ನಮ್ಮ ಪದ್ಧತಿಯಂತೆ ಹೊಲದಲ್ಲೇ ಮಣ್ಣು ಮಾಡಿದೆವು’ ಎಂದು ಕೊನೆಯವರೆಗೂ ಓದಿದಳು.

"ಎಸರು ಯಾಕ್ಲೇ ಬುಟ್ಟೆ?" ಅಂದೆ. ಕೈಯಲ್ಲಿದ್ದ ಹಿಟ್ಟಿನ ಕೋಲು ಹಾಗೇ ನಿಂತಿತ್ತು.

ಮನೆಯಲ್ಲಿ ಇಂಥ ಮಾತು ನಾವು ತೆಲುಗಿನಲ್ಲೇ ಆಡುವುದು. ಅವತ್ತು ನಾನು ಕನ್ನಡದಲ್ಲಿ ಕೇಳಿದ್ದೆ, ಅವಳೂ ಕನ್ನಡದಲ್ಲೇ ಹೇಳಿದಳು, ಕಾರ್ಡು ಕನ್ನಡದ್ದು ಎಂದೋ ಏನೋ. "ಅವ್ರನ್ನ ಮಣ್ಣೊಳಕ್ಕೆ ಇಳಿಸವ್ರಂತಲ್ಲಕ್ಕಾ. ಮೇಲಕ್ಕೆ ಬರಾಗಂಟ ಎಂಗೆ ಎಸರೆತ್ತಾದು?"

ನಿಮ್ಮ ಪಟ್ಟಿಯಲ್ಲಿ ಇವತ್ತಿಗೂ ಅವಳ ಹೆಸರಿನ ಮುಂದೆ ‘ಓದು ಬಾರದು’ ಎಂದೇ ಇದೆ.

ಸರೋಜ