ಕಿವಿ ಟೆಸ್ಟ್ ಮತ್ತು ಏಳನೇ ಅಂಶ

ತಂತ್ರಾಂಶ ಜಾಲತಾಣದ ಸಲ್ಲಿಕೆ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಮ್ಮ ‘ಕಿವಿ ಟೆಸ್ಟ್’ ತಂತ್ರಾಂಶದ ತಿದ್ದಿದ ಆವೃತ್ತಿಯನ್ನು ನಿಮ್ಮ ವಿಭಾಗ ಸೋಮವಾರ ಬೆಳಗ್ಗೆ ನಾಲ್ಕನೇ ಬಾರಿ ಮರಳಿಸಿದೆ. ಸುದ್ದಿ ತಿಳಿಸಿದವಳು ಅದನ್ನು ಬರೆದ ನನ್ನ ನಾದಿನಿ. ನಾನಾಗ ಕ್ಲಿನಿಕ್ಕಿನಲ್ಲಿ ಮುಂದಿನ ಮಗುವಿಗಾಗಿ ಹೆಡ್‌ಫೋನ್ ಒರೆಸುತ್ತಿದ್ದೆ.

“ಭಾವ, ಮತ್ತೆ ವಾಪಸ್ ಬಂತು.”

“ಈ ಸಲ ಏನಂತೆ?”

“ಅದೇ. ಇದು ಟೆಸ್ಟ್ ಅಂತೆ.”

“ಟೆಸ್ಟೇ ತಾನೇ?”

“ಅದನ್ನೇ ಬರೆದು ಕಳಿಸಿದ್ದೆ. ಒಪ್ಪಿಕೊಂಡಿದ್ದಕ್ಕೆ ಧನ್ಯವಾದ ಅಂತ ಉತ್ತರ ಬಂದಿದೆ.”

ನಿಮ್ಮ ಹೊಸ ಮಾರ್ಗಸೂಚಿಯ ಏಳನೇ ಅಂಶ ನನಗೀಗ ಬಾಯಿಪಾಠ: ‘ಪ್ರಯೋಗಕ್ಕಾಗಿ ಬರೆದ ಯೋಜನೆಗಳನ್ನು ಸಲ್ಲಿಸಬಾರದು. ಹೆಸರಿನಲ್ಲಿ ಟೆಸ್ಟ್ ಎಂದಿರುವುದನ್ನು ತೆರೆಯದೆ ಮರಳಿಸಲಾಗುವುದು.’ ಕಲಿಯುವವರ ಚೂರುಪಾರುಗಳಿಂದ ತಾಣ ತುಂಬಬಾರದೆಂಬ ನಿಮ್ಮ ಕಾಳಜಿ ನ್ಯಾಯವಾದದ್ದೇ. ಆದರೆ ಕಿವಿ ಕೇಳಿಸುತ್ತದೆಯೋ ಇಲ್ಲವೋ ಎಂದು ನೋಡುವುದಕ್ಕೆ ಜನ ಟೆಸ್ಟ್ ಎನ್ನದೆ ಇನ್ನೇನೆನ್ನಬೇಕು? ಹೆಸರು ಬದಲಿಸಿದರೆ ಅದು ಹೊಸ ಯೋಜನೆಯಾಗುತ್ತದೆ. ಹಳೆಯದನ್ನು ಇಳಿಸಿಕೊಂಡವರಿಗೆ ತಿದ್ದುಪಡಿ ತಲುಪುವುದಿಲ್ಲ. ಹಳೆಯದನ್ನಾದರೂ ತೆಗೆದುಹಾಕಿ ಎಂದು ಕೇಳಿದೆವು. ಬಳಸುವವರಿರುವಾಗ ತೆಗೆಯುವಂತಿಲ್ಲ ಎಂದಿರಿ. ಬಳಸುವವರು ಯಾರೆಂದು ಹೇಳಿ, ನಾವೇ ಫೋನ್ ಮಾಡುತ್ತೇವೆ ಎಂದೆವು. ಅದು ಗೌಪ್ಯ ಎಂದಿರಿ. ಒಟ್ಟಿನಲ್ಲಿ, ತಪ್ಪಿರುವುದು ನಿಮ್ಮ ನಿಯಮಕ್ಕೆ ಹೊಂದುತ್ತದೆ, ತಿದ್ದಿದ್ದು ಹೊಂದುವುದಿಲ್ಲ.

ಆ ತಪ್ಪು ಏನೆಂದು ನೀವು ಇದುವರೆಗೆ ಕೇಳಿಲ್ಲ. ಪರದೆಯ ಮೇಲೆ ನಮ್ಮತ್ತ ನೋಡುವ ಮಗುವಿನ ಮುಖದ ಚಿತ್ರವಿದೆ. ಎದುರು ಕೂತವರ ಬಲಗಿವಿ ನಮ್ಮ ಎಡಕ್ಕಿರುತ್ತದೆ. ವರದಿ ಮುದ್ರಿಸುವಾಗ ತಂತ್ರಾಂಶ ಮಗುವಿನ ಎಡಬಲ ನೋಡದೆ ನಮ್ಮ ಎಡಬಲ ನೋಡಿತು. ನನ್ನ ನಾದಿನಿ ಬರೆಯುವಾಗ ಮಾಡಿದ ತಪ್ಪನ್ನು ನಾನು ಓದುವಾಗ ಗಮನಿಸಲಿಲ್ಲ. ವರದಿಯ ಮೇಲಿನ ಸಹಿ ನನ್ನದೇ.

ಆ ಸಹಿಯ ಬಲದಿಂದ ದರ್ಜಿಯೊಬ್ಬರ ನಾಲ್ಕು ವರ್ಷದ ಮಗಳ ಚೆನ್ನಾಗಿದ್ದ ಕಿವಿಗೆ ಶ್ರವಣಯಂತ್ರ ಹಾಕಿದರು. ಮಗು ದಿನಾ ಅದನ್ನು ಕಿತ್ತು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ನಡುವೆ ಬಚ್ಚಿಡುತ್ತಿತ್ತು. “ಅಭ್ಯಾಸ ಆಗುತ್ತೆ, ತೆಗೆಯೋಕೆ ಬಿಡಬೇಡಿ” ಎಂದು ತಂದೆಗೆ ಹೇಳಿದವನು ನಾನೇ. ಅವರು ಬಿಡಲಿಲ್ಲ. ಮೂರು ವಾರದ ಮೇಲೆ ಮಗುವಿನ ಅಜ್ಜಿ ಬಂದರು.

“ಅಲ್ಲಪ್ಪಾ, ಈ ಕಿವೀಲಿ ಗುಟ್ಟು ಹೇಳಿದ್ರೆ ಇವಳು ಮೊದಲಿಂದ್ಲೂ ನಗ್ತಾಳೆ. ಆ ಕಿವೀಲಿ ಹೇಳಿದ್ರೆ ಸುಮ್ನೆ ಮುಖ ನೋಡ್ತಾಳೆ. ನಿಮ್ಮ ಕಂಪ್ಯೂಟರಿಗೆ ಯಾರಾದ್ರೂ ಗುಟ್ಟು ಹೇಳಿ ನೋಡಿದೀರಾ?”

ಅಂದೇ ತಪ್ಪು ಸಿಕ್ಕಿತು; ಮರುದಿನವೇ ನಾದಿನಿ ತಿದ್ದಿದಳು. ಪರಿಚಯವಿರುವ ಆರು ಕ್ಲಿನಿಕ್ಕುಗಳಿಗೆ ಫೋನ್ ಮಾಡಿದ್ದೇವೆ. ನಿಮ್ಮ ಪುಟದ ಪ್ರಕಾರ ಹಳೆಯ ಆವೃತ್ತಿಯನ್ನು ಇಳಿಸಿಕೊಂಡವರು ನಲವತ್ತೊಂದು. ಉಳಿದ ಮೂವತ್ತೈದು ಕಡೆ ಯಾವ ಮಗು ಏನನ್ನು ಎಲ್ಲಿ ಬಚ್ಚಿಡುತ್ತಿದೆಯೋ, ಅಲ್ಲೂ ಗುಟ್ಟು ಹೇಳುವ ಅಜ್ಜಿಯೊಬ್ಬರಿದ್ದಾರೋ, ನನಗೆ ಗೊತ್ತಾಗುವ ದಾರಿಯಿಲ್ಲ.

ಮಾರ್ಗಸೂಚಿ ಬದಲಿಸಿ ಎಂದು ಕೇಳುವಷ್ಟು ಧೈರ್ಯ ನನಗೀಗ ಉಳಿದಿಲ್ಲ. ನಾನು ಕೇಳುವುದು ಒಂದನ್ನೇ: ನಿಮ್ಮ ವಿಭಾಗದ ಯಾರಾದರೊಬ್ಬರು ಮರಳಿಸುವ ಮುನ್ನ ಕಡತವನ್ನು ಒಮ್ಮೆ ತೆರೆಯಲಿ. ಬದಲಾಗಿರುವುದು ಎರಡೇ ಸಾಲು. ಅದೂ ಆಗದಿದ್ದರೆ ಹಳೆಯ ಆವೃತ್ತಿಯ ಪುಟದ ಮೇಲೆ ‘ಎಡಬಲ ಅದಲುಬದಲಾಗಿದೆ’ ಎಂಬ ಎರಡು ಪದ ಹಾಕಿಸಿ.

ಐದನೇ ಅರ್ಜಿ ಸಲ್ಲಿಸಿದ್ದೇವೆ. ಅದರ ಪರಿಶೀಲನೆ ಮುಂದಿನ ತಿಂಗಳ ಒಂಬತ್ತನೇ ತಾರೀಕು ಎಂದು ನಿಮ್ಮ ಸ್ವೀಕೃತಿಯಲ್ಲಿದೆ. ಈ ಪತ್ರ ಮುಗಿಸುವ ಹೊತ್ತಿಗೆ ನಿಮ್ಮ ಪುಟದ ಎಣಿಕೆ ನಲವತ್ತಮೂರು.

ಇಂತಿ,
ನಿಮ್ಮ ದಾಖಲೆಯಲ್ಲಿ ‘ಟೆಸ್ಟ್ ಬಳಕೆದಾರ’ ಎಂದು ನಮೂದಾಗಿರುವ
ಶ್ರವಣ ಪರೀಕ್ಷಕ