ಕುತ್ತಿಗೆಯ ಲಸಿಕೆ

ಮಾನ್ಯ ಶಾಲಾ ಆರೋಗ್ಯಾಧಿಕಾರಿಗಳೇ,

ವಸಂತ್ ಕುಂಜ್‌ನಲ್ಲಿ ನನ್ನ ಮಗಳು ಓದುವ ಶಾಲೆಯ ಲಸಿಕೆ ಶಿಬಿರವನ್ನು ‘ಪೋಷಕರ ನಿರಾಸಕ್ತಿ’ಯಿಂದ ರದ್ದು ಮಾಡಿದ್ದೀರಂತೆ. ನಿಮ್ಮ ಸಂಕೋಚಕ್ಕೆ ನಮ್ಮ ಹೆಸರಿಟ್ಟಿದ್ದೀರಿ.

ನಮಗೆ ಬಂದ ಸಂದೇಶದಲ್ಲಿದ್ದದ್ದು ‘ಸರ್ವೈಕಲ್ ಲಸಿಕೆ’ ಎಂದಷ್ಟೇ. ಕ್ಯಾನ್ಸರ್ ಎಂಬ ಮಾತಿಲ್ಲ, ಗರ್ಭಕೋಶದ ಸುದ್ದಿಯಿಲ್ಲ, ಎಚ್‌ಪಿವಿ ಎಂಬ ವೈರಸ್ಸಿನ ಹೆಸರೂ ಇಲ್ಲ. ದೆಹಲಿಯವರ ಬಾಯಲ್ಲಿ ಸರ್ವೈಕಲ್ ಎಂದರೆ ಕುತ್ತಿಗೆ ನೋವು. ಆಟೊ ಭಯ್ಯಾನಿಗೂ ಗೊತ್ತಿರುವ ಇದು ನಿಮಗೆ ತಿಳಿಯದೇ? ಪೋಷಕರ ಸಭೆಯಲ್ಲಿ ನನ್ನ ಪಕ್ಕದಲ್ಲಿದ್ದ ತಾಯಿ ತಮ್ಮ ಕುತ್ತಿಗೆಪಟ್ಟಿ ಮುಟ್ಟಿಕೊಂಡು ನಕ್ಕರು: “ಸರ್ವೈಕಲ್ ತೋ ಮುಝೆ ಹೈ ಜೀ, ಬೇಟಿ ಕೋ ಟೀಕಾ ಕ್ಯೋಂ?” ಸರ್ವೈಕಲ್ ಇರುವುದು ಅವರಿಗಂತೆ, ಮಗಳಿಗೇಕೆ ಲಸಿಕೆ! ವೇದಿಕೆಯಲ್ಲಿದ್ದ ನಿಮ್ಮ ಪ್ರತಿನಿಧಿ ಉತ್ತರಿಸುವ ಬದಲು ನೀರು ಕುಡಿದರು.

ಮನೆಯಲ್ಲಿ ನಾನೇ ಬಿಡಿಸಿ ಹೇಳಿದೆ: ಈ ಸರ್ವೈಕಲ್ ಕುತ್ತಿಗೆಯದಲ್ಲ, ಗರ್ಭಕೋಶದ ಬಾಯಿಯದು; ಅಲ್ಲಿ ಬರುವ ಕ್ಯಾನ್ಸರನ್ನು ಈ ಲಸಿಕೆ ತಡೆಯುತ್ತದೆ. ಗರ್ಭಕಂಠ. ಕವಿತೆ ಓದುವವಳಿಗೆ ಎಷ್ಟು ಚೆಂದದ ಪದ. ಗರ್ಭಕ್ಕೂ ಒಂದು ಕಂಠ! ಅತ್ತೆ ಲೀಲಮ್ಮ ಟಿವಿಯ ದನಿ ಏರಿಸಿದರು. “ಹದಿನಾಲ್ಕರ ಹುಡುಗಿಗೆ ಅಲ್ಲಿಯದೆಲ್ಲ ಯಾಕೆ? ನಾಳೆ ಹೆಣ್ಣು ನೋಡೋಕೆ ಬಂದೋರಿಗೆ ಏನಂತೀಯ?” ಕೇಂದ್ರ ಸರ್ಕಾರದ ಅಧಿಕಾರಿಯಾದ ಪತಿ ಏಕನಾಥ, ಫೈಲಿಗೆ ಷರಾ ಬರೆಯುವವರಂತೆ, “ಮೊದಲು ಆರೋಗ್ಯ ಇಲಾಖೆ ಸ್ಪಷ್ಟವಾಗಿ ಹೇಳಲಿ. ಅವರಿಗೇ ನಾಚಿಕೆಯಾದರೆ ನಾನು ಹೇಗೆ ಒಪ್ಪಲಿ?” ಎಂದರು. ಮಗಳು ಗಗನಾ ತಟ್ಟೆಯಿಂದ ತಲೆ ಎತ್ತಿದಳು: “ಇಂಜೆಕ್ಷನ್ ನಂಗೆ ತಾನೇ? ಮುಝಸೇ ತೋ ಕಿಸೀನೇ ಪೂಛಾ ಹೀ ನಹೀ.” ನಿಜ, ಅವಳನ್ನು ಯಾರೂ ಕೇಳಿರಲಿಲ್ಲ.

ನಿಮ್ಮ ಕಚೇರಿಗೆ ಬಂದೆ. “ಪೆಹಲೇ ಪಾಪಾ ಕೋ ಮನಾಯಿಯೇ, ಮೇಡಮ್” ಎಂದು, ಮೊದಲು ಅವಳ ಅಪ್ಪನನ್ನು ಒಪ್ಪಿಸಿ ಬರಲು ಹೇಳಿ ಕಳಿಸಿದಿರಿ. ಇಲಾಖೆ ತಂದೆಯ ಒಪ್ಪಿಗೆಗೆ ಕಾಯುತ್ತಿದೆ, ತಂದೆ ಇಲಾಖೆಯ ಮಾತಿಗೆ. ಎರಡು ಬಾಗಿಲುಗಳ ನಡುವೆ ನಾನಿದ್ದೇನೆ. ಎರಡಕ್ಕೂ ಚಿಲಕ ಆಚೆ ಕಡೆಯಿಂದ. ಮುಂದಿನ ತಿಂಗಳು ಗಗನಾಗೆ ಹದಿನೈದು ತುಂಬಿದರೆ ನಿಮ್ಮ ಶಿಬಿರದಲ್ಲಿ ಅವಳಿಗೆ ಜಾಗವೂ ಇಲ್ಲ. ಕದ್ದು ಕ್ಲಿನಿಕ್ಕಿಗೆ ಕರೆದೊಯ್ಯಬಹುದು. ಆದರೆ ತನ್ನ ಮೈ ಕಾಪಾಡಿಕೊಳ್ಳುವುದೂ ಗುಟ್ಟಿನ ಕೆಲಸವೆಂದು ಅವಳಿಗೆ ನಾನೇ ಕಲಿಸಲೇ?

ಶಿಬಿರವನ್ನು ಈ ತಿಂಗಳೇ ಮತ್ತೆ ನಡೆಸಿ. ತಂದೆಯರನ್ನೂ ಅಜ್ಜಿಯರನ್ನೂ ಕರೆದು ಕೂರಿಸಿ, ‘ಗರ್ಭಕಂಠದ ಕ್ಯಾನ್ಸರ್’ ಎಂದು ಪೂರ್ತಿಯಾಗಿ ಹೇಳಿ. ನಡುವೆ ನೀರು ಕುಡಿಯಬೇಡಿ.

ನಿಮ್ಮ ಕಚೇರಿಯಲ್ಲಿ ಕನ್ನಡ ಓದುವವರು ಇರಲಾರರು; ಹಿಂದಿಯಲ್ಲೂ ಬರೆದು ಕಳಿಸುತ್ತೇನೆ. ಆದರೆ ಈ ಬಹಿರಂಗ ಪತ್ರ ಅಚ್ಚಾಗುವ ಕನ್ನಡ ಪತ್ರಿಕೆಯನ್ನು ತಪ್ಪದೆ ಓದುವವರು ನನ್ನ ಮನೆಯಲ್ಲಿ ಇಬ್ಬರಿದ್ದಾರೆ.

ಇಂತಿ,
ಕುತ್ತಿಗೆ ನೆಟ್ಟಗಿರುವ ಮಗಳ, ಕಂಠ ಕಟ್ಟಿರುವ ತಾಯಿ
ವೈಜಯಂತಿ