ಹೆದರಲು ಅಪ್ಪಣೆ ಬೇಕೇ, ಧರ್ಮಾಧ್ಯಕ್ಷರೇ?

ಮಾನ್ಯ ಧರ್ಮಾಧ್ಯಕ್ಷರೇ,

ತಮ್ಮ ಕಚೇರಿಯಿಂದ ಹೊರಟ ಒಂದು ಸುತ್ತೋಲೆ ನನ್ನ ತಂಗಿಯ ಹಾಡನ್ನು ನಿಲ್ಲಿಸಿದೆ. ಭಯಾನಕ ಕಥೆಗಳನ್ನು ಓದುವ, ಅಂಥ ಸಿನಿಮಾಗಳನ್ನು ನೋಡಿ ಆನಂದಿಸುವ, ಅವುಗಳ ತಯಾರಿಕೆಯಲ್ಲಿ ಕೈಜೋಡಿಸುವ ವಿಶ್ವಾಸಿಗಳು ಕ್ರೈಸ್ತಸಭೆಯ ಯಾವ ಸೇವೆಯಲ್ಲೂ ಇರತಕ್ಕದ್ದಲ್ಲ ಎಂಬ ಆ ಸುತ್ತೋಲೆ ತಮಗೆ ನೆನಪಿರಬಹುದು. ಇಲ್ಲದಿದ್ದರೂ ಆಶ್ಚರ್ಯವಿಲ್ಲ. ಅದೇ ವಾರ ಚರ್ಚಿನ ಅಂಗಳದಲ್ಲಿ ಅಡ್ಡಾದಿಡ್ಡಿ ವಾಹನ ನಿಲ್ಲಿಸಬಾರದೆಂದೂ ಒಂದು ಸುತ್ತೋಲೆ ಬಂದಿತ್ತು. ಎರಡರ ಕೆಳಗೂ ತಮ್ಮದೇ ಸಹಿ. ವಾಹನಗಳನ್ನು ಜನ ಈಗಲೂ ಹಾಗೆಯೇ ನಿಲ್ಲಿಸುತ್ತಿದ್ದಾರೆ. ನನ್ನ ತಂಗಿ ಮಾತ್ರ ತಮ್ಮ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದಳು. ಅದರ ಫಲವೇನಾಯಿತೆಂದು ತಿಳಿಸುವುದಕ್ಕೆ ಈ ಪತ್ರ.

ಆಕೆ ನಮ್ಮ ಸಭೆಯ ಗಾಯನ ಮಂಡಳಿಯಲ್ಲಿ ಮುಂದೆ ನಿಂತು ಹಾಡುತ್ತಿದ್ದವಳು. ಹೊಟ್ಟೆಪಾಡಿಗೆ ಸಿನಿಮಾಗಳಿಗೆ ಡಬ್ಬಿಂಗ್ ಮಾಡುತ್ತಿದ್ದಳು. ನಾಯಕಿಯರಿಗೆ ದನಿ ಕೊಡುವವರು ಬೇರೆ. ಇವಳ ಪಾಲಿಗೆ ಬಂದದ್ದು ದೆವ್ವಗಳು. ಒಮ್ಮೆ ನಾನು ಸ್ಟುಡಿಯೋಗೆ ಹೋಗಿ ನೋಡಿದ್ದೆ. ಗೋಡೆಗೆಲ್ಲ ಸ್ಪಂಜು ಬಡಿದ ಪುಟ್ಟ ಕೋಣೆ, ಎದುರಿಗೊಂದು ಪರದೆ. ಪರದೆಯ ಮೇಲೆ ಮುಖಕ್ಕೆ ಮಸಿ ಮೆತ್ತಿಕೊಂಡ ನಟಿ ಸದ್ದಿಲ್ಲದೆ ಬಾಯಿ ತೆರೆಯುತ್ತಾಳೆ. ನನ್ನ ತಂಗಿ ಚಪ್ಪಲಿ ಬಿಟ್ಟು, ಒಂದು ಗುಟುಕು ಬಿಸಿನೀರು ಕುಡಿದು, ಆ ಬಾಯೊಳಗೆ ದನಿ ತುಂಬುತ್ತಾಳೆ. ಗಾಜಿನಾಚೆ ಕೂತಿದ್ದ ಸೌಂಡ್ ಇಂಜಿನಿಯರ್, "ಮೇಡಂ, ಇನ್ನೂ ಸ್ವಲ್ಪ ಸಿಟ್ಟು ಬೇಕು" ಅಂದ. ಇವಳು ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ನನಗೆ ಹೇಳಿದಳು: "ಅವನಿಗೆ ಗೊತ್ತಾಗಲ್ಲ ಅಕ್ಕ. ದೆವ್ವಕ್ಕೆ ಸಿಟ್ಟಿರಲ್ಲ. ಇಷ್ಟು ಕೂಗಿದ್ರೂ ಯಾರೂ ಕೇಳಿಸ್ಕೊಳ್ತಿಲ್ವಲ್ಲ ಅನ್ನೋ ಸಂಕಟ ಇರುತ್ತೆ, ಅಷ್ಟೇ."

ಇಂಥ ಕೆಲಸಕ್ಕೆ ಆಕೆ ಹೋದದ್ದಾದರೂ ಹೇಗೆ ಎಂದು ತಾವು ಕೇಳಬಹುದು. ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ.

ಅಮ್ಮ ತೀರಿಕೊಂಡಾಗ ಇವಳಿನ್ನೂ ಒಂದನೇ ತರಗತಿ. ಬೆಳಿಗ್ಗೆ ಎದ್ದು, ಪಕ್ಕದಲ್ಲಿ ಮಲಗಿದ್ದ ಅಮ್ಮನ ಕೈ ಹಿಡಿದೆಳೆದು ಎಬ್ಬಿಸಲು ನೋಡಿದವಳು ಇವಳೇ. ಸ್ವಲ್ಪ ಹೊತ್ತಿಗೆಲ್ಲ ಮನೆ ತುಂಬ ಸಭೆಯವರು ನೆರೆದರು. "ಅಮ್ಮ ಯೇಸುಸ್ವಾಮಿ ಹತ್ರ ಹೋಗಿದ್ದಾಳೆ ಪುಟ್ಟಿ, ಅಳಬಾರ್ದು" ಅಂದರು ಒಬ್ಬರು. "ದೇವರ ಮಕ್ಕಳು ಹೆದರಬಾರ್ದು" ಅಂದರು ಇನ್ನೊಬ್ಬರು. ಹೇಳಿದ ಮಾತು ಕೇಳುವ ಮಗು ಅವಳು. ಅಳಲಿಲ್ಲ, ಹೆದರಲಿಲ್ಲ, ಜೊತೆಗೆ ಮಾತನ್ನೂ ನಿಲ್ಲಿಸಿಬಿಟ್ಟಳು. ಶಾಲೆಯಲ್ಲಿ ಹಾಜರಿ ಕೂಗಿದರೆ ಎದ್ದು ನಿಲ್ಲುವಳು, ಅಷ್ಟೇ. ಆಗಿನ ಪಾಸ್ಟರ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಡಾಕ್ಟರ್ ನಾಲಿಗೆ ನೋಡಿ ಟಾನಿಕ್ ಬರೆದುಕೊಟ್ಟರು.

ನಮ್ಮನ್ನು ನೋಡಿಕೊಳ್ಳಲು ಅಪ್ಪನ ಅಕ್ಕ, ನಮ್ಮ ಅತ್ತೆ, ಬಂದು ನಿಂತರು. ಚರ್ಚಿನ ಪೀಠಕ್ಕೆ ಹಾಸುವ ಬಿಳಿ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವ ಸೇವೆ ಅವರದು. ಆರಾಧನೆ ತಪ್ಪಿಸಿದವರಲ್ಲ, ಬೈಗುಳ ಆಡಿದವರಲ್ಲ. ಅವರಿಗಿದ್ದದ್ದು ಒಂದೇ ಚಟ, ದೆವ್ವದ ಕಥೆ. ಒಂದು ಮಧ್ಯಾಹ್ನ ಪೀಠದ ಬಟ್ಟೆಗೆ ಇಸ್ತ್ರಿ ಹಾಕುತ್ತ, ಯಾರ ಮುಖವನ್ನೂ ನೋಡದೆ, ಬಾವಿಕಟ್ಟೆಗೆ ನೀರಿಗೆ ಬಂದ ಹೆಂಗಸೊಬ್ಬಳ ಕಥೆ ಶುರು ಮಾಡಿದರು. ಅವಳಿಗೆ ನೆರಳಿಲ್ಲವೆಂದು ಗೊತ್ತಾಗುವ ಜಾಗಕ್ಕೆ ಬಂದಾಗ ನನ್ನ ತಂಗಿ ಕಿಟಾರನೆ ಕಿರುಚಿದಳು. ತಿಂಗಳುಗಟ್ಟಲೆ ಕಳೆದ ಮೇಲೆ ಆ ಗಂಟಲಿಂದ ಬಂದ ಮೊದಲ ಸದ್ದು ಅದು. ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟರು.

"ಆಮೇಲೆ?" ಅಂದಳು ಇವಳು.

"ಆಮೇಲೇನು, ಅಲ್ಲಿ ನೀರು ಸೇದ್ತಿದ್ದ ಇನ್ನೊಬ್ಬಳು ಹೆದರಿಕೊಂಡು ಓಡಿದ್ಲು. ನೀನೂ ಹೆದರ್ಕೋ, ಪರವಾಗಿಲ್ಲ. ನಾನಿಲ್ಲೇ ಇದೀನಲ್ಲ" ಅಂದರು ಅತ್ತೆ.

ಅಂದು ಇವಳು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಅಮ್ಮನಿಗಾಗಿ ಮನಸಾರೆ ಅತ್ತಳು. ಪೀಠದ ಬಟ್ಟೆ ಮತ್ತೆ ಸುಕ್ಕಾಯಿತು. ಧರ್ಮಾಧ್ಯಕ್ಷರೇ, ತಮ್ಮ ಸುತ್ತೋಲೆಯ ಭಾಷೆಯಲ್ಲಿ ಹೇಳುವುದಾದರೆ, ಆ ಮಧ್ಯಾಹ್ನ ನಮ್ಮ ಮನೆಯಲ್ಲಿ 'ಅಂಧಕಾರದ ಶಕ್ತಿಗಳಿಗೆ ಬಾಗಿಲು' ತೆರೆಯಿತು. ಆ ಬಾಗಿಲಿನಿಂದ ಹೊರಗೆ ಬಂದದ್ದು ಒಂದು ಮಗು.

ತಮ್ಮ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಈ ಸಿನಿಮಾಗಳಲ್ಲಿ ಹೊಲಸು ಬೇಕಾದಷ್ಟಿದೆ. ಹೆಣ್ಣಿನ ಮೈ ಕತ್ತರಿಸುವುದನ್ನೇ ಕಥೆ ಎಂದುಕೊಂಡವರಿದ್ದಾರೆ. ಅಂಥವಕ್ಕೆ ನನ್ನ ತಂಗಿ ದನಿ ಕೊಡುತ್ತಿರಲಿಲ್ಲ. ಕೇಳಿದ್ದರೆ ತಮಗೇ ಹೇಳುತ್ತಿದ್ದಳು. ಆದರೆ ಶುದ್ಧವಾದದ್ದನ್ನು ಮಾತ್ರ ನೋಡಬೇಕೆಂದರೆ ನಾನು ಏನು ಮಾಡಲಿ? ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವವಳು ನಾನು. ಊರಿಗೆ ಊರೇ ಸುಟ್ಟದ್ದನ್ನು, ಅಣ್ಣ ತಮ್ಮನ ಕಣ್ಣು ಕೀಳಿಸಿದ್ದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಪರೀಕ್ಷೆಯಲ್ಲಿ ಕೇಳುತ್ತೇನೆ. ಆದರೂ ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರ ಶಾಲೆ ನಡೆಸಲು ನಾನು ಇಂದಿಗೂ ಅರ್ಹಳು. ದೆವ್ವ ಹಿಡಿದು ಸಮಾಧಿಗಳ ನಡುವೆ ಬಟ್ಟೆಯಿಲ್ಲದೆ ಅಲೆಯುತ್ತ, ಕಲ್ಲಿನಿಂದ ಮೈ ಜಜ್ಜಿಕೊಳ್ಳುತ್ತಿದ್ದ ಮನುಷ್ಯನ ಕಥೆಯನ್ನು ನಾವು ಪೀಠದಿಂದಲೇ ಓದುತ್ತೇವಲ್ಲವೇ? ಅದನ್ನು ಕೇಳಿ ಮಕ್ಕಳು ಬೆಚ್ಚಿಬಿದ್ದರೆ ಅದು ಭಕ್ತಿ, ಪಕ್ಕದ ಟಾಕೀಸಿನಲ್ಲಿ ಬೆಚ್ಚಿಬಿದ್ದರೆ ಪಾಪವೇ? ನಿಜ ಹೇಳಬೇಕೆಂದರೆ, ಶಿಲುಬೆ ಕಂಡರೆ ಈಗಲೂ ನಡುಗುವವರು ಯಾರಾದರೂ ಉಳಿದಿದ್ದರೆ ಅದು ಆ ಸಿನಿಮಾಗಳ ದೆವ್ವಗಳು ಮಾತ್ರ. ನಮ್ಮ ಆಡಳಿತ ಸಮಿತಿಯಲ್ಲಂತೂ ಯಾರೂ ನಡುಗಿದ್ದನ್ನು ನಾನು ಕಂಡಿಲ್ಲ.

ಸುತ್ತೋಲೆ ಓದಿದ ಭಾನುವಾರ ಗಾಯನ ಮಂಡಳಿಯ ಎಲ್ಲ ತಲೆಗಳೂ ಇವಳ ಕಡೆ ತಿರುಗಿದವು. ಆರಾಧನೆ ಮುಗಿದ ಮೇಲೆ ಪಾಸ್ಟರ್ ತಮ್ಮ ಕೋಣೆಗೆ ಕರೆದರು. ಒಳ್ಳೆಯ ಮನುಷ್ಯ, ಮಾತಾಡುವಷ್ಟು ಹೊತ್ತೂ ಟೇಬಲ್ ಮೇಲಿನ ಪೇಪರ್‌ವೇಟನ್ನೇ ನೋಡುತ್ತಿದ್ದರು.

"ಏನ್ ಮಾಡ್ಲಮ್ಮ, ಮೇಲಿಂದ ಬಂದಿದೆ."

"ಯಾವ ಮೇಲಿಂದ ಪಾಸ್ಟರ್?"

"ಆಫೀಸಿಂದ."

"ನಾನು ಆ ಕೆಲಸ ಬಿಟ್ರೆ ಹಾಡಬಹುದಾ?"

"ಬಿಟ್ಟು ಒಂದು ಅರ್ಜಿ ಕೊಡಿ. ಆಗುತ್ತೆ."

ನಾನು ಬೇಡವೆಂದೆ. ಅತ್ತೆಗಂತೂ ವಿಪರೀತ ಸಿಟ್ಟು ಬಂತು. ಇವಳು ಕೇಳಲಿಲ್ಲ. ಮರುದಿನವೇ ಸ್ಟುಡಿಯೋಗೆ ಹೋಗಿ ಕೆಲಸ ಬಿಟ್ಟು ಬಂದಳು, ಅರ್ಜಿ ಕೊಟ್ಟಳು. ಅರ್ಜಿ ಪರಿಶೀಲನೆಗೆ ಹೋಯಿತು, ಮತ್ತೆ ವಾಪಸ್ ಬರಲಿಲ್ಲ. ವಿಚಾರಿಸಲು ನಾನೇ ತಮ್ಮ ಕಚೇರಿಗೆ ಬಂದಿದ್ದೆ. ತಾವು ಮೀಟಿಂಗಿನಲ್ಲಿದ್ದಿರಿ. ತಮ್ಮ ಕಾರ್ಯದರ್ಶಿ ಕುರ್ಚಿ ಕೊಟ್ಟು ಕೂರಿಸಿ, ದನಿ ತಗ್ಗಿಸಿ ಹೇಳಿದರು: "ನಿಮ್ಮ ತಂಗಿ ಆ ಕೆಲಸ ಮಾಡ್ತಿದ್ದೆ ಅಂತ ಬರೆದುಕೊಟ್ಟಿದ್ದೇ ತಪ್ಪಾಯ್ತು ಟೀಚರ್. ನಮ್ಮನೇಲೂ ಎಲ್ಲ ಆ ಸಿನಿಮಾ ನೋಡ್ತಾರೆ. ನೋಡ್ತೀವಿ ಅಂತ ಯಾರು ಹೇಳ್ಕೊಂಡು ತಿರುಗ್ತಾರೆ?"

ಅರ್ಜಿ ಅಲ್ಲಿರುವಾಗಲೇ ಅತ್ತೆ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ಅವರು ಕೇಳಿಕೊಂಡದ್ದು ಒಂದೇ: ತಮ್ಮನ್ನು ಮಣ್ಣಿಗಿಡುವಾಗ ಇವಳು ಹಾಡಬೇಕು. ಅವರು ಹೋದ ಮೇಲೆ ನಾನು ಪಾಸ್ಟರ್ ಬಳಿ ಅಂಗಲಾಚಿದೆ. "ಬೆಂಚಲ್ಲಿ ಕೂತು ಎಲ್ಲರ ಜೊತೆ ಹಾಡ್ಲಿ, ಯಾರೂ ಬೇಡ ಅನ್ನಲ್ಲ. ಮುಂದೆ ನಿಲ್ಲೋದು ಮಾತ್ರ ಬೇಡ" ಅಂದರು. ಪಾಪ, ಅಷ್ಟು ಹೇಳಲಿಕ್ಕೂ ಅವರಿಗೆ ಧೈರ್ಯ ಬೇಕಾಗಿತ್ತು.

ಇವಳು ನನ್ನ ಪಕ್ಕದಲ್ಲಿ ಕೂತಳು. ಹಾಡು ಶುರುವಾದಾಗ ಬಾಯಿ ತೆರೆದಳು. ದನಿ ಬರಲಿಲ್ಲ. ಎರಡನೇ ಚರಣಕ್ಕೂ ಪ್ರಯತ್ನಿಸಿದ್ದನ್ನು ನಾನು ಕಣ್ಣಂಚಿನಲ್ಲಿ ಕಂಡೆ. ಮುಂದೆ ಗಾಯನ ಮಂಡಳಿಯವರು ಶ್ರುತಿ ತಪ್ಪಿ ಹಾಡುತ್ತಿದ್ದರು. ಯಾರಿಂದಲೂ ಸುತ್ತೋಲೆಯ ಉಲ್ಲಂಘನೆಯಾಗಲಿಲ್ಲ.

ಈಗ ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. "ಊಟಕ್ಕೆ ಮುಂಚೆ", "ಊಟ ಆದ್ಮೇಲೆ" ಎಂದು ದಿನವಿಡೀ ಹೇಳುತ್ತಾಳೆ. ಮನೆಗೆ ಬಂದ ಮೇಲೆ ಅದಕ್ಕಿಂತ ಹೆಚ್ಚೇನೂ ಆಡುವುದಿಲ್ಲ. ಸ್ಟುಡಿಯೋದವರು ಹೇಳಿ ಕಳಿಸಿದ್ದರು, ಹೋಗಲಿಲ್ಲ. ಹೊಸ ಪಾಸ್ಟರ್ ಬಂದು, ಸದ್ದುಗದ್ದಲವಿಲ್ಲದೆ ಮಂಡಳಿಗೆ ಸೇರಿಕೊಳ್ಳಿ ಎಂದರು, ಅಲ್ಲಿಗೂ ಹೋಗಲಿಲ್ಲ. ಮೊನ್ನೆ ಟೀವಿಯಲ್ಲಿ ಆಕೆಯದೇ ದನಿಯ ಸಿನಿಮಾ ಬಂತು. ನಾನು ರಿಮೋಟಿಗೆ ಕೈ ಹಾಕಿದೆ. "ಇರಲಿ ಬಿಡು" ಅಂದಳು. ತಾನು ಚೀರುವುದನ್ನು ತಾನೇ ನೋಡುತ್ತ ಕೂತಳು.

"ಹೆದರಿಕೆ ಆಗ್ತಿದೆಯೇನೇ?" ಎಂದು ಕೇಳಿದೆ.

"ಇಲ್ಲ ಅಕ್ಕ, ಏನೂ ಆಗ್ತಿಲ್ಲ" ಅಂದಳು.

ತಮಗಿದು ಸಂತೋಷದ ಸುದ್ದಿಯಾಗಿರಬಹುದು. ತಮ್ಮ ಧರ್ಮಪ್ರಾಂತ್ಯದಲ್ಲಿ ಭಯಾನಕ ಸಿನಿಮಾವನ್ನು ಕಿಂಚಿತ್ತೂ ಆನಂದಿಸದ ಒಬ್ಬ ವಿಶ್ವಾಸಿಯಾದರೂ ಸಿಕ್ಕಂತಾಯಿತು.

ನನ್ನ ಬೇಡಿಕೆ ದೊಡ್ಡದಲ್ಲ. ಸುತ್ತೋಲೆ ಹಿಂತೆಗೆದುಕೊಳ್ಳಿ ಎಂದು ಕೇಳುವುದಿಲ್ಲ. ಹಿಂತೆಗೆದುಕೊಂಡರೂ ಈಗ ಹಾಡುವವರಿಲ್ಲ. ಕ್ಷಮೆಯೂ ಬೇಡ. ತಾವು ಒಂದು ಸಂಜೆ ನಮ್ಮ ಮನೆಗೆ ಬನ್ನಿ. ನಿಲುವಂಗಿ ಬೇಡ, ಜೊತೆಗೆ ಕಾರ್ಯದರ್ಶಿಯೂ ಬೇಡ. ಪ್ರಾರ್ಥನೆ ಬೇಡ, ಬುದ್ಧಿಮಾತು ಬೇಡ. ನನ್ನ ತಂಗಿಯ ಎದುರಿಗೆ ಕೂತು, ತಮಗೆ ಯಾವುದನ್ನು ಕಂಡರೆ ಭಯ ಎಂದು ಹೇಳಿ. ಸಾವಿನ ಭಯವೋ, ಕತ್ತಲೆಯ ಭಯವೋ, ಪ್ರಾರ್ಥಿಸುವಾಗ ಆ ಕಡೆ ಯಾರೂ ಇಲ್ಲವೇನೋ ಎಂಬ ಭಯವೋ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆಕೆ ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ.

ತಾವು ಬರುವುದಿಲ್ಲವೆಂದು ನನಗೆ ಗೊತ್ತು.

ಇಂತಿ,
ಭಾನುವಾರ ಬೆಳಿಗ್ಗೆ ಈಗ ಒಬ್ಬಳೇ ಚರ್ಚಿಗೆ ಬರುವ,
ತಮ್ಮ ಸಭೆಯ ಒಬ್ಬ ಅಕ್ಕ